ಕಸದ ಮಷಿನ್ ಕೊಳ್ಳುವ ಮೊದಲು ಎಚ್‌ಎಸ್‌ಆರ್ ಬಡಾವಣೆಗೆ ಹೋಗಿಬನ್ನಿ

ನಿಮ್ಮ ಅಪಾರ್ಟ್‌ಮೆಂಟಿಗೂ ಯಾರಾದರೂ ಬಂದು "ಹಸಿ ಕಸ ಹಾಕಿ, 24 ಗಂಟೆಯಲ್ಲಿ ಗೊಬ್ಬರ ತೆಗೀರಿ" ಅಂದಿದ್ದಾರಾ? ಚೆಕ್ ಬರೆಯುವ ಮೊದಲು ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಕಸದಿಂದ ಗೊಬ್ಬರ ಮಾಡೋದು ತೋರಿಸಿಕೊಡುವ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ನೋಡಿಕೊಂಡು ಬನ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವ ಕಷ್ಟ ಇದ್ದದ್ದೇ, ಆದರೂ ಹೋಗಿ.

5,000 ಚದರ ಮೀಟರ್‌ಗಿಂತ ದೊಡ್ಡ ವಸತಿ ಸಮುಚ್ಚಯಗಳು ಹಸಿ ಕಸವನ್ನು ಆದಷ್ಟೂ ತಮ್ಮಲ್ಲೇ ಕರಗಿಸಬೇಕು ಅಂತ 2016ರಲ್ಲಿ ನಿಯಮ ಬಂತು. ಆಮೇಲೆ ಸಲಹೆಗಾರರಿಗೆ ಬರವೇ ಇಲ್ಲ. ನಮ್ಮಲ್ಲಿಗೆ ಬಂದವರು ಚೆಂದದ ಸ್ಲೈಡ್ ತೋರಿಸಿ ಮಷಿನ್ ಮಾರಿದರು. ಅದು ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುತ್ತಿತ್ತು, ಅಷ್ಟೇ. ನೋಡೋಕೆ ಥೇಟ್ ಕಾಫಿಪುಡಿ. ಕುಂಡಕ್ಕೆ ಹಾಕಿ ನೀರು ಬಿಟ್ಟರೆ ಬೂಷ್ಟು, ಗಬ್ಬು ನಾತ. ನನ್ನ ದಾಸವಾಳ ಬಾಡಿಯೇ ಹೋಯಿತು. ಒಣಗಿಸಿದ ಮಾತ್ರಕ್ಕೆ ಕಸ ಗೊಬ್ಬರ ಆಗಲ್ಲ, ಅಲ್ವಾ? ಅದು ಕೊಳೆತು ಕಳಿಯಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಮಷಿನ್ ಮಾರಿದವರಿಗೆ ಫೋನ್ ಮಾಡಿದರೆ "ಕಲ್ಚರ್ ಪುಡಿ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ಪುಡಿ) ಜಾಸ್ತಿ ಹಾಕಿ ಮೇಡಂ" ಅನ್ನುವ ಒಂದೇ ಉತ್ತರ. ಪುಡಿ ಮಾರುವವರೂ ಅವರೇ.

ಕಲಿಕಾ ಕೇಂದ್ರದಲ್ಲಿ ಆ ಥರದ ಮಾರಾಟದ ಮಾತಿಲ್ಲ. ಸ್ವಚ್ಛಾಗ್ರಹದ ಹಿಂದಿರುವವರು ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್‌ನವರು. ಎರಡು ಡಬ್ಬ, ಒಂದು ಚೀಲ ಅಂತ ಬೆಂಗಳೂರಿಗೆ ಕಸ ಬೇರ್ಪಡಿಸೋದು ಹೇಳಿಕೊಟ್ಟ ಗುಂಪು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನೇ ಕಡ್ಡಾಯ ಮಾಡಿತು. ಮಣ್ಣಿನ ಮಡಕೆ, ಡ್ರಮ್ಮು, ಒಣ ಎಲೆಗೆ ತಂತಿಯ ಜಾಲರಿ, ಹೀಗೆ ಮನೆಗೂ ಅಪಾರ್ಟ್‌ಮೆಂಟಿಗೂ ಆಗುವ ನಾನಾ ನಮೂನೆ ಒಂದೇ ಕಡೆ ಇವೆ. ಹೋಲಿಸಿ ನೋಡಬಹುದು. ಮೂಸಿಯೂ ನೋಡಬಹುದು!

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಮುಷ್ಟಿ ಪರೀಕ್ಷೆ. ಅರೆಬೆಂದ ಗೊಬ್ಬರವನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಬೇಕು. ಒಂದೆರಡು ಹನಿ ಬಂದರೆ ಹದ ಸರಿ. ನೀರು ಸುರಿದರೆ ಒಣ ಎಲೆಯನ್ನೋ ಕೋಕೋಪೀಟನ್ನೋ (ತೆಂಗಿನ ನಾರಿನ ಪುಡಿ) ಬೆರೆಸಬೇಕು. ಉದುರಿ ಹೋದರೆ ನೀರು ಚಿಮುಕಿಸಬೇಕು. ದುಡ್ಡು ಕೊಟ್ಟು ಕಲ್ಚರ್ ತರೋದೂ ಬೇಕಿಲ್ಲ, ಹುಳಿ ಮಜ್ಜಿಗೆ ಸಾಕು. ದಪ್ಪ ದಪ್ಪ ಹುಳ ಕಂಡರೆ ಕಿರುಚಬೇಡಿ, ಅವು ಕಸ ತಿಂದು ಕೆಲಸ ಬೇಗ ಮುಗಿಸುತ್ತವೆ. (ನಮ್ಮ ಮೂರನೇ ಮಹಡಿಯವರು ಇನ್ನೂ ಒಪ್ಪಿಲ್ಲ.)

ಈಗ ನಮ್ಮ ಕಾಂಪೌಂಡಿನಲ್ಲಿ ಜಾಲರಿ ಗೂಡುಗಳಿವೆ. ಮೊದಲು ಬೆಂಕಿ ಹಾಕುತ್ತಿದ್ದ ಎಲೆಯೆಲ್ಲ ಅದರೊಳಗೆ ಹೋಗುತ್ತದೆ. ಕರೆಂಟ್ ಖರ್ಚು ಸೊನ್ನೆ. ಮೈಬಗ್ಗಿಸಿ ಕೆದಕುವ ಕೆಲಸ ಮಾತ್ರ ತಪ್ಪಿದ್ದಲ್ಲ. ಅದಕ್ಕೆ ಹೌಸ್‌ಕೀಪಿಂಗ್‌ನವರಿಗೆ ಗ್ಲೌಸೂ ಹೆಚ್ಚಿನ ಸಂಬಳವೂ ಕೊಡಲೇಬೇಕು.

ಹೋಗುವ ಮೊದಲು ಒಂದು ಫೋನ್ ಮಾಡಿ. ಕಸ ನೋಡಿಕೊಳ್ಳುವ ಅಕ್ಕನನ್ನು ಕರೆದುಕೊಂಡು ಹೋಗಿ, ಸರಿಯಾದ ಪ್ರಶ್ನೆ ಕೇಳುವವರು ಅವರೇ. ಸೆಕ್ರೆಟರಿಯನ್ನೂ ಬಿಡಬೇಡಿ. ಮಷಿನ್ನೇ ಬೇಕು ಅಂತ ಹಟ ಹಿಡಿದಿರೋದು ಸಾಮಾನ್ಯವಾಗಿ ಅವರೇ.