ಕಟ್ಟಿಟ್ಟ ಗಾಳದ ಸರ: ಬಿಚ್ಚಿ ಮತ್ತೆ ಕಟ್ಟಿಕೊಂಡವನ ವಿಮರ್ಶೆ

ಶಿವಮೊಗ್ಗ ಪೇಟೆಯಲ್ಲಿ ಬಲೆ, ಗಾಳ, ನೈಲಾನ್ ದಾರ ಮಾರುವ ಅಂಗಡಿಯೊಂದರಲ್ಲಿ, ಕಳೆದ ದೀಪಾವಳಿ ಮುಗಿದ ವಾರ, ಸಮುದ್ರದ ತಳಮೀನಿಗೆಂದು ಸಿದ್ಧವಾಗಿ ಕಟ್ಟಿಟ್ಟ ಗಾಳದ ಸರದ ನಾಲ್ಕು ಪೊಟ್ಟಣಗಳನ್ನು ಕೊಂಡೆ. ಅಂಗಡಿಯವರು ಇದನ್ನು ರಿಗ್ ಎನ್ನುತ್ತಾರೆ. ಪೊಟ್ಟಣಕ್ಕೆ 90 ರೂಪಾಯಿ, ಒಳಗೆ ಎರಡು ಸರ, ಪ್ರತಿ ಸರಕ್ಕೆ ಎರಡು ಗಾಳ. ತಯಾರಕರ ಹೆಸರಾಗಲಿ, ದಾರದ ದಪ್ಪವಾಗಲಿ, ಅದು ಎಷ್ಟು ಭಾರ ತಡೆಯುತ್ತದೆ ಎಂಬುದಾಗಲಿ ಹೊದಿಕೆಯ ಮೇಲೆ ಎಲ್ಲಿಯೂ ಅಚ್ಚಾಗಿಲ್ಲ. ನೀರಿನಿಂದ ಮೇಲಕ್ಕೆ ಹಾರುತ್ತಿರುವ ಒಂದು ಮೀನಿನ ಚಿತ್ರ ಮಾತ್ರ ಇದೆ. ಅದೂ ತಳದಲ್ಲಿ ಮೇಯುವ ಜಾತಿಯದಲ್ಲ.

ಸಾಗರ ತಾಲ್ಲೂಕಿನವನಾದ ನನಗೆ ಗಾಳ ಹೊಸದಲ್ಲ. ಬಿದಿರು ಕೋಲು, ಬೆಂಡು, ಎರೆಹುಳ ಇವಿಷ್ಟರಲ್ಲಿ ಬೆಳೆದವರು ನಾವು; ಮಳೆ ಹಿಡಿದ ಮೊದಲ ದಿನಗಳಲ್ಲಿ ಗದ್ದೆಗೆ ಹತ್ತುವ ಮೀನಿಗೆ ಕೂಣಿ ಎಂಬ ಬಿದಿರಿನ ಬೋನು ಇಟ್ಟವರು. ಆದರೆ ಕೆರೆಯ ನಿಂತ ನೀರಿನಲ್ಲಿ ಬೆಂಡು ಕಣ್ಣೆದುರಿಗೇ ಎಲ್ಲವನ್ನೂ ಹೇಳಿಬಿಡುತ್ತದೆ. ಸಮುದ್ರದಲ್ಲಿ ಸರದ ತುದಿಗೆ ಭಾರಕ್ಕೆಂದು ಕಟ್ಟಿದ ಸೀಸ ತಳಕ್ಕೆ ಕೂತ ಮೇಲೆ ಅಲೆ ಒಂದು ಕಡೆ, ಒಳಸೆಳೆತ ಇನ್ನೊಂದು ಕಡೆ ಎಳೆಯುತ್ತಿರುವಾಗ, ಎರೆ ಮೀನಿನ ಬಾಯಿಯ ಮಟ್ಟದಲ್ಲಿ ನಿಲ್ಲುತ್ತದೆಯೋ ತಾನೇ ತನಗೆ ಸುತ್ತಿಕೊಳ್ಳುತ್ತದೆಯೋ ಎಂಬುದನ್ನು ನಿರ್ಧರಿಸುವುದು ನಾವು ಮನೆಯಲ್ಲಿ ಕೂತು ಕಟ್ಟಿದ ಅಳತೆ. ಆ ಅಳತೆಯನ್ನು ಈ ಪೊಟ್ಟಣ ತಪ್ಪಾಗಿ ಕಟ್ಟಿದೆ ಎಂಬುದೇ ನನ್ನ ಮುಖ್ಯ ತಕರಾರು. ಒಳಗಿನ ಸಾಮಾನಿನ ಬಗ್ಗೆ ನನಗೆ ಅಷ್ಟು ದೂರಿಲ್ಲ.

ಸಾಗರದಿಂದ ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ ದಾಟಿ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರ್. ನಸುಕಿನಲ್ಲಿ ಹೊರಟು, ಭಾವನ ಜೊತೆ ಕಾಸರಕೋಡಿನ ಕಡೆಯ ಮರಳಿನ ಮೇಲೆ, ಶರಾವತಿ ಸಮುದ್ರ ಸೇರುವ ಅಳಿವೆಯಿಂದ ತುಸು ದೂರದಲ್ಲಿ ನಿಂತೆವು. ಆರು ಸಲ ಎಸೆದಾಗ ನಾಲ್ಕು ಸಲ ಸರ ಗಂಟು ಗಂಟಾಗಿ ಮರಳಿತು. ಮೇಲಿನ ಗಾಳ ಕೆಳಗಿನ ಗಾಳದ ದಾರವನ್ನು ಕಚ್ಚಿಕೊಂಡಿತ್ತು. ಎರೆಗೆಂದು ಚುಚ್ಚಿದ್ದ ಸಿಗಡಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಸ್ಥಳೀಯ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನೆ ನೋಡಿ, ಕೊನೆಗೆ "ಗಾಳಕ್ಕೆ ಗಾಳ ಸಿಕ್ಕಿದ್ರೆ ಮೀನಿಗೆ ಎಂತ ಸಿಗ್ತದೆ ಮಾರಾಯ್ರೆ?" ಎಂದರು.

ಮನೆಗೆ ಬಂದು ಜಗಲಿಯ ಕಂಬದ ಮೊಳೆಗೆ ಸರವನ್ನು ತೂಗುಹಾಕಿ ಟೇಪು ಹಿಡಿದಾಗ ಕಾರಣ ಸ್ಪಷ್ಟವಾಯಿತು. ಮುಖ್ಯ ದಾರದಿಂದ ಗಾಳಕ್ಕೆ ಇಳಿಯುವ ಕವಲು ತಲಾ 25 ಸೆಂಟಿಮೀಟರ್ ಉದ್ದವಿದೆ. ಎರಡು ಕವಲುಗಳ ನಡುವಿನ ಅಂತರ ಬರೀ 30 ಸೆಂಟಿಮೀಟರ್. ಮೇಲಿನ ಕವಲು ಕೆಳಕ್ಕೆ ಜೋತು, ಕೆಳಗಿನದು ಸೆಳೆತಕ್ಕೆ ಮೇಲಕ್ಕೆದ್ದರೆ ಎರಡೂ ಸೇರಿ 50 ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದನ್ನೊಂದು ಮುಟ್ಟಲೇಬೇಕು. ಎರಡು ಕವಲುಗಳ ಉದ್ದವನ್ನು ಕೂಡಿದರೂ ನಡುವಿನ ಅಂತರಕ್ಕಿಂತ ಕಡಿಮೆಯಿರಬೇಕು ಎಂಬುದು ಈ ಬಗೆಯ ಸರ ಕಟ್ಟುವವರೆಲ್ಲ ಪಾಲಿಸುವ ಲೆಕ್ಕ. ಹೊದಿಕೆ ಗಿಡ್ಡವಿದ್ದುದರಿಂದ ಸರವನ್ನೂ ಗಿಡ್ಡ ಮಾಡಿದ್ದಾರೆಂದು ನನ್ನ ಗುಮಾನಿ.

ಸರಿಪಡಿಸುವುದು ಕಷ್ಟವಲ್ಲ. ಕವಲು ಹೊರಡುವ ಕಡೆ ಮೂರು ಕಣ್ಣಿನ ಹಿತ್ತಾಳೆ ಸ್ವಿವೆಲ್, ಅಂದರೆ ದಾರ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ ಇದೆ, ಅದು ಸಲೀಸಾಗಿ ತಿರುಗುತ್ತದೆ. ಈ ಪೊಟ್ಟಣದಲ್ಲಿ ದುಡ್ಡಿಗೆ ಬಾಳುವ ವಸ್ತು ಅದೇ. ನಡುವಿನ 30 ಸೆಂಟಿಮೀಟರ್ ತುಂಡನ್ನು ಕತ್ತರಿಸಿ ತೆಗೆದು, 0.60 ಮಿಲಿಮೀಟರ್ ದಪ್ಪದ ನೈಲಾನ್ ದಾರದಲ್ಲಿ 60 ಸೆಂಟಿಮೀಟರ್ ತುಂಡು ಹಾಕಿದೆ. ಕವಲುಗಳನ್ನು 20 ಸೆಂಟಿಮೀಟರಿಗೆ ಇಳಿಸಿ, ತುಸು ಬಿರುಸಾದ 0.45ರ ದಾರದಲ್ಲಿ ಕಟ್ಟಿದೆ. ತೆಳ್ಳನೆಯ ದಾರವಾದರೆ ಮೀನಿಗೆ ಅನುಮಾನ ಬರುವುದಿಲ್ಲ ಎನ್ನುವುದು ನಿಜವಾದರೂ, ಅದು ಮುಖ್ಯ ದಾರಕ್ಕೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ. ಬಿರುಸು ದಾರ ಅಡ್ಡಕ್ಕೆ ಚಾಚಿ ನಿಲ್ಲುತ್ತದೆ. ನೀರು ಜೋರಾಗಿ ಹರಿಯುವ ಹೊತ್ತಿನಲ್ಲಿ ಕವಲನ್ನು ಇನ್ನಷ್ಟು ಗಿಡ್ಡ ಮಾಡಬಹುದು. ಉಬ್ಬರ ಮುಗಿದು ಇಳಿತ ಶುರುವಾಗುವ ಮುನ್ನ ನೀರು ತಟಸ್ಥವಾಗುವ ಹೊತ್ತಿಗೆ ಉದ್ದ ಬಿಟ್ಟರೂ ತೊಂದರೆಯಿಲ್ಲ.

ಗಂಟಿನ ವಿಷಯದಲ್ಲಿ ಪೊಟ್ಟಣದವರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಎರಡನೆಯ ದಿನ ಒಳ್ಳೆಯ ಮೀನೊಂದು ಕಚ್ಚಿ, ರಾಡ್ ಬಾಗಿ, ಇದ್ದಕ್ಕಿದ್ದಂತೆ ಹಗುರಾಯಿತು. ಸುತ್ತಿ ತಂದ ದಾರದ ತುದಿ ಸೌತೆಬಳ್ಳಿಯ ಕುಡಿಯ ಹಾಗೆ ಸುರುಳಿಯಾಗಿತ್ತು. ತುದಿಯನ್ನು ನೋಡಿದರೆ ಏನಾಯಿತೆಂದು ಓದಬಹುದು: ಕಲ್ಲಿಗೆ ಉಜ್ಜಿ ಹರಿದಿದ್ದರೆ ತುದಿ ಜೂಲಾಗಿರುತ್ತದೆ, ಹಲ್ಲಿನಿಂದ ಕಡಿದಿದ್ದರೆ ಸಪಾಟಾಗಿರುತ್ತದೆ, ಗಂಟು ಜಾರಿದ್ದರೆ ಸುರುಳಿಯಾಗಿರುತ್ತದೆ. ಉಳಿದ ಸರಗಳ ಗಂಟನ್ನು ಸೂಜಿಯಿಂದ ಬಿಡಿಸಿ ಎಣಿಸಿದಾಗ ಬರೀ ಮೂರು ಸುತ್ತು. ನೈಲಾನ್ ದಾರಕ್ಕೆ ಐದಾರು ಸುತ್ತು ಬೇಕು. ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಬೇಕು, ಇಲ್ಲವಾದರೆ ಉಜ್ಜಿದ ಕಾವಿಗೇ ದಾರ ಸೊರಗುತ್ತದೆ. ಈಗ ನಾನು ಪ್ರತಿಯೊಂದು ಗಾಳವನ್ನೂ ಬಿಚ್ಚಿ, ಆರು ಸುತ್ತಿನ ಯೂನಿ ಗಂಟು ಹಾಕಿ, ಉಳಿದ ತುದಿಯನ್ನು ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಒತ್ತಿ ಕೊಯ್ದುಕೊಳ್ಳುತ್ತೇನೆ. ಕತ್ತರಿಗಿಂತ ಅದು ಚೊಕ್ಕ.

ಆ ಹಿರಿಯರ ಸರದಲ್ಲಿ ಸ್ವಿವೆಲ್ಲೇ ಇರಲಿಲ್ಲ. ಕೇಳಿದ್ದಕ್ಕೆ ನನ್ನೆದುರೇ ಒಂದನ್ನು ಕಟ್ಟಿ ತೋರಿಸಿದರು. ದಾರದ ನಡುವೆ ಅಂಗೈಯಗಲದ ಕುಣಿಕೆ ಮಾಡಿ, ಎರಡೆಳೆ ಕೂಡುವ ಕಡೆ ಆರೇಳು ಸಲ ತಿರುಚಿ, ಸುತ್ತುಗಳ ಸರಿ ನಡುವೆ ಹೆಬ್ಬೆರಳಿನ ಉಗುರಿನಿಂದ ಸಂದು ಬಿಡಿಸಿ, ಕುಣಿಕೆಯ ತಲೆಯನ್ನು ಆ ಸಂದಿನಲ್ಲಿ ತೂರಿಸಿ ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ತುದಿಗಳನ್ನು ನಿಧಾನವಾಗಿ ಎಳೆದರು. ಕುಣಿಕೆ ಮುಖ್ಯ ದಾರಕ್ಕೆ ಅಡ್ಡವಾಗಿ ಕಡ್ಡಿಯ ಹಾಗೆ ನಿಂತಿತು. ಅದಕ್ಕೆ ಕವಲನ್ನು ಕುಣಿಕೆಗೆ ಕುಣಿಕೆಯಾಗಿ ಸೇರಿಸುವುದರಿಂದ, ಏನನ್ನೂ ಕತ್ತರಿಸದೆ ನೀರಿನ ದಂಡೆಯಲ್ಲಿಯೇ ಗಾಳ ಬದಲಾಯಿಸಬಹುದು. ಪೊಟ್ಟಣದ ಸರದಲ್ಲಿ ಈ ಅನುಕೂಲವಿಲ್ಲ, ಮತ್ತು ಅದು ಬೇಕಾಗುತ್ತದೆ, ಏಕೆಂದರೆ ಗಾಳದ ಅಳತೆಯೂ ಎಲ್ಲ ಮೀನಿಗೆ ಹೊಂದುವುದಲ್ಲ. ಒಳಗಿರುವುದು 2/0 ಅಳತೆಯ ಗಾಳ. ಅಳಿವೆಯ ಕಲ್ಲು, ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿರುವ ಕೆಂಬೇರಿ ಮೀನಿಗೆ ಅದು ಸರಿ. ಮರಳಿನ ಮೇಲೆ ಹುಳ, ಸಣ್ಣ ಸಿಗಡಿ ಹೆಕ್ಕುವ ಕಾಣೆ ಮೀನಿನ ಪುಟ್ಟ ಬಾಯಿಗೆ ಅದು ಕೊಕ್ಕೆಯಲ್ಲ, ಸಲಾಕೆ. ಕಾಣೆಗೆ 6 ಅಥವಾ 8ರ ಗಾಳ ಬೇಕು. ಹೊಸಬರಿಗೆ ಒಂದು ಮಾತು: 8ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು, ಆಮೇಲೆ 1/0, 2/0 ಎಂದು ಲೆಕ್ಕ ತಿರುಗಿ ಅಂಕಿಯೊಂದಿಗೇ ಗಾಳವೂ ಹಿಗ್ಗುತ್ತದೆ. ಕಾಣೆ ತಳಕ್ಕಂಟಿ ಮೇಯುವುದರಿಂದ ಕೆಳಗಿನ ಕವಲನ್ನು ಸೀಸಕ್ಕಿಂತ ಗೇಣು ಮೇಲೆ ಮಾತ್ರ ಕಟ್ಟಿ, ಎರೆ ಮರಳಿನ ಮೇಲೆ ಮಲಗುವಂತೆ ಬಿಡಬೇಕು. ಹೀಗೆ ಮಾಡಿದ ಮೂರನೆಯ ದಿನ ನಮಗೆ ಹನ್ನೊಂದು ಕಾಣೆ ಸಿಕ್ಕವು, ಎಲ್ಲವೂ ಕೆಳಗಿನ ಗಾಳಕ್ಕೆ.

ಗಾಳದ ಮೊನೆ ಮಾತ್ರ ಒಳ್ಳೆಯದಿದೆ. ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಎಳೆದರೆ ಜಾರದೆ ನೆಡುತ್ತದೆ. ತುಕ್ಕಿನ ಮಾತು ಬೇರೆ. ಉಪ್ಪುನೀರಿನಿಂದ ತಂದು ಸಿಹಿನೀರಿನಲ್ಲಿ ತೊಳೆಯದೆ ಇಟ್ಟ ಒಂದು ಸರ ಮರುದಿನಕ್ಕೇ ಕೆಂಪಾಯಿತು, ಅದು ನನ್ನದೇ ತಪ್ಪು. ಆದರೆ ಸಮುದ್ರವನ್ನೇ ಕಾಣದ ಪೊಟ್ಟಣದಲ್ಲೂ ನಮ್ಮ ಆಷಾಢದ ಥಂಡಿಗೆ ಗಾಳದ ಕಣ್ಣಿನಲ್ಲಿ ಚುಕ್ಕೆ ಕಂಡಿತು. ಉಳಿದವನ್ನು ಈಗ ಸೀಮೆಸುಣ್ಣದ ತುಂಡುಗಳ ಜೊತೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ಸೀಸವನ್ನು ಬೇರೆ ಕೊಳ್ಳಬೇಕು. ಅಂಗಡಿಯಲ್ಲಿ 60 ಗ್ರಾಂ ತೂಕದ ದುಂಡನೆಯ ಗುಂಡು ಮಾತ್ರ ಇತ್ತು, ಅದು ಮರಳಿನ ಮೇಲೆ ಗೋಲಿಯಂತೆ ಉರುಳಿ ಸರವನ್ನು ದಡಕ್ಕೆ ತಂದು ಹಾಕುತ್ತದೆ. ಮರಳಿಗೆ ಪಿರಮಿಡ್ ಆಕಾರದ್ದು ಬೇಕು; ಕಲ್ಲಿರುವ ಕಡೆ ಅದೇ ಆಕಾರ ಸಂದಿಗೆ ಸಿಕ್ಕಿಕೊಳ್ಳುವುದರಿಂದ ಉದ್ದನೆಯ ನುಣುಪು ಸೀಸ ಮೇಲು. ಪೊಟ್ಟಣದ ಸರದಲ್ಲಿ ಸೀಸ ಕಟ್ಟುವ ತುದಿಯೂ ಮುಖ್ಯ ದಾರದಷ್ಟೇ ದಪ್ಪವಿದೆ. ಹೀಗಾಗಿ ಸೀಸ ಕಲ್ಲಿಗೆ ಸಿಕ್ಕಿದಾಗ ಎಳೆದರೆ ಇಡೀ ಸರವೇ ಹೋಗುತ್ತದೆ. ನಮ್ಮ ಎರಡು ಸರಗಳು ಹೋದದ್ದು ಹಾಗೆಯೇ. ಕೊನೆಯ ಗೇಣುದ್ದಕ್ಕೆ 0.30ರ ತೆಳುದಾರ ಹಾಕಿಬಿಟ್ಟರೆ ಹೋಗುವುದು ಸೀಸವೊಂದೇ. ಸೀಸ ವಿಷದ ಲೋಹವಾದ್ದರಿಂದ ದಾರಕ್ಕೆ ಸಿಕ್ಕಿಸುವ ಸೀಳು ಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ನಮ್ಮೂರಿನ ಅಭ್ಯಾಸವನ್ನು ಬಿಡುವುದು ಒಳಿತು.

ಅಂಗಡಿಯವರ ನಡವಳಿಕೆಯಲ್ಲಿ ಕುಂದಿಲ್ಲ. ಅವರ ಗಿರಾಕಿಗಳು ಹೆಚ್ಚಿನವರು ಭದ್ರಾ, ಲಿಂಗನಮಕ್ಕಿ ಹಿನ್ನೀರಿನ ಕಾಟ್ಲಾ, ರೋಹು ಹಿಡಿಯುವವರು. ಸಮುದ್ರದ ಸಾಮಾನನ್ನು ಕೇಳುವವರು ಅಪರೂಪ. ಮೊದಲ ಸಲ "ಸಮುದ್ರಕ್ಕೆ ಇದೇ ಸಾರ್, ಹಂಗೇ ಕಟ್ಕೊಂಡು ಎಸೀರಿ" ಎಂದಿದ್ದವರು, ನಾನು ಟೇಪಿನ ಸಮೇತ ಹೋಗಿ ಅಂತರ ತೋರಿಸಿದಾಗ ವಾದಿಸದೆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು. ಪೊಟ್ಟಣಗಳನ್ನು ಬಾಗಿಲಿಗೆ ಬಿಸಿಲಿನಲ್ಲಿ ಜೋತು ಹಾಕಿರುವುದನ್ನು ಮಾತ್ರ ಬಿಟ್ಟಿಲ್ಲ. ಬಿಸಿಲಿಗೆ ನೈಲಾನ್ ದಾರ ಪೆಡಸಾಗಿ ಬಲ ಕಳೆದುಕೊಳ್ಳುತ್ತದೆ. ಕೊಳ್ಳಲೇಬೇಕೆಂದಿರುವವರು ಒಳಗಿನ ಕಪಾಟಿನಿಂದ ಕೇಳಿ ಪಡೆಯಬೇಕು.

ಸಂಕ್ರಾಂತಿಯ ಮುಂಚೆ ಮತ್ತೆ ಹೋದಾಗ ನಾನು ಪೊಟ್ಟಣವನ್ನು ಮುಟ್ಟಲಿಲ್ಲ. ಮೂರು ಕಣ್ಣಿನ ಸ್ವಿವೆಲ್ ಬಿಡಿಯಾಗಿ ಒಂದು ಡಜನ್, 6ರ ಗಾಳ ಇಪ್ಪತ್ತೈದು, 2/0 ಹತ್ತು, 0.60 ಮತ್ತು 0.45ರ ದಾರದ ಉಂಡೆ ಒಂದೊಂದು ಕೊಂಡೆ. ಒಟ್ಟು 410 ರೂಪಾಯಿ ಆಯಿತು. ಸ್ವಿವೆಲ್ ಆರು ಸರಕ್ಕೆ ಸಾಲುತ್ತದೆ. ಅದು ಮುಗಿದ ಮೇಲೆ ಕುಣಿಕೆ ಹಾಕಿ ಕಟ್ಟುವಷ್ಟು ದಾರ ಇನ್ನೂ ಉಳಿಯುತ್ತದೆ.