‘ನೋ ಡಿಸ್ಕ್’ ಬಂದ ಕೂಡಲೇ ಲೇಸರ್ ಪ್ರಿಸೆಟ್‌ಗೆ ಕೈ ಹಾಕಬೇಡಿ

ಡಿವಿಡಿ ಪ್ಲೇಯರ್ ಡಿಸ್ಕ್ ಓದುವುದನ್ನು ನಿಲ್ಲಿಸಿದಾಗ ಎಲ್ಲ ಕಡೆ ಸಿಗುವ ಸಲಹೆ ಒಂದೇ: ಡಿಸ್ಕ್ ಓದುವ ಲೇಸರ್ ಹೆಡ್‌ನ ಪಕ್ಕದಲ್ಲಿರುವ ಪುಟ್ಟ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ರೆಸಿಸ್ಟರ್) ಅನ್ನು ಸ್ವಲ್ಪ ತಿರುಗಿಸಿ. ಹೀಗೆ ಮಾಡಿ ಹಾಳಾದ ಹೆಡ್‌ಗಳಿಗೆ ಲೆಕ್ಕವಿಲ್ಲ. ತಿರುಗಿಸಿದ ಕೂಡಲೇ ಕೆಲವೊಮ್ಮೆ ನಿಜಕ್ಕೂ ಡಿಸ್ಕ್ ಓದುತ್ತದೆ. ಸ್ವಲ್ಪ ದಿನದಲ್ಲೇ ಮತ್ತೆ ‘ನೋ ಡಿಸ್ಕ್’. ಇನ್ನೊಂದಿಷ್ಟು ತಿರುಗಿಸಿದರೆ ಹೆಡ್ ಪೂರ್ತಿ ಹೋಗುತ್ತದೆ.

ಆ ಪ್ರಿಸೆಟ್ ನಿರ್ಧರಿಸುವುದು ಲೇಸರ್ ಡಯೋಡ್‌ಗೆ ಹರಿಯುವ ಕರೆಂಟನ್ನು. ಮಿತಿ ದಾಟಿದರೆ ಬೆಳಕು ಹೊರಬರುವ ಡಯೋಡ್‌ನ ಮುಖವೇ ಸುಟ್ಟುಹೋಗುತ್ತದೆ. ಆಮೇಲೂ ಕೆಂಪು ಬೆಳಕು ಕಾಣಬಹುದು, ಆದರೆ ಅದು ಲೇಸರ್ ಅಲ್ಲ, ಬರೀ ಎಲ್‌ಇಡಿಯಂಥ ಮಿನುಗು. ಬೆಳಕು ಬರುತ್ತಿದೆ ಎಂದ ಮಾತ್ರಕ್ಕೆ ಹೆಡ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ಲೆನ್ಸ್‌ಗೆ ನೇರವಾಗಿ ಕಣ್ಣಿಟ್ಟು ನೋಡಲೂ ಬೇಡಿ; ಸಿಡಿ ಲೇಸರ್ ಕಣ್ಣಿಗೆ ಬಹುತೇಕ ಕಾಣುವುದಿಲ್ಲ, ಆದರೂ ಕಣ್ಣಿಗೆ ಹಾನಿ ಮಾಡಬಲ್ಲದು.

ಹೊಟ್ಟೆ ಉರಿಯುವ ಸಂಗತಿ ಎಂದರೆ, ಎಷ್ಟೋ ಸಲ ಹೆಡ್‌ಗೆ ಏನೂ ಆಗಿರುವುದಿಲ್ಲ. ಲೆನ್ಸ್ ಮೇಲೆ ಧೂಳು ಕೂತಿರುತ್ತದೆ, ಇಲ್ಲವೇ ಡಿಸ್ಕ್ ತಿರುಗಿಸುವ ಸ್ಪಿಂಡಲ್ ಮೋಟರ್ ಸವೆದಿರುತ್ತದೆ.

ಮೊದಲು ಕಂಪನಿಯ ಅಚ್ಚಿನ ಒಂದು ಡಿವಿಡಿ, ಒಂದು ಸಿಡಿ ಹಾಕಿ ನೋಡಿ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕ್ ಫೈನಲೈಸ್ ಆಗಿರದಿದ್ದರೆ (ಬೇರೆ ಪ್ಲೇಯರ್‌ಗಳೂ ಓದುವಂತೆ ಬರ್ನಿಂಗ್ ಮುಗಿಸುವ ಕೊನೆಯ ಹಂತ) ಒಳ್ಳೆಯ ಪ್ಲೇಯರ್ ಕೂಡ ಅದನ್ನು ಓದದೇ ಇರಬಹುದು. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650 ನ್ಯಾನೋಮೀಟರ್ ಲೇಸರ್. ಡಯೋಡ್ ಬೇರೆ ಬೇರೆ, ಲೆನ್ಸ್ ಸಾಮಾನ್ಯವಾಗಿ ಒಂದೇ. ಸಿಡಿ ಓಡಿ ಡಿವಿಡಿ ಓಡದಿದ್ದರೆ ಡಿವಿಡಿ ಡಯೋಡ್ ಸೋತಿರಬಹುದು, ಆದರೆ ಲೆನ್ಸ್ ಕೊಳೆಯಾಗಿದ್ದರೂ ಇದೇ ಲಕ್ಷಣ. ಡಿವಿಡಿಯ ಟ್ರ್ಯಾಕ್‌ಗಳ ನಡುವಿನ ಅಂತರ 0.74 ಮೈಕ್ರಾನ್, ಸಿಡಿಯಲ್ಲಿ 1.6. ಹಾಗಾಗಿ ಕೊಳೆಯ ಪೆಟ್ಟು ಮೊದಲು ಬೀಳುವುದು ಡಿವಿಡಿಗೆ.

ಮುಚ್ಚಳ ಬಿಚ್ಚುವ ಮೊದಲು ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಅದರ ಹತ್ತಿರ ಬೆರಳು ಬೇಡ. ಇಯರ್ ಬಡ್‌ಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ ಹಾಕಿ, ಲೆನ್ಸ್ ಅನ್ನು ನಡುವಿನಿಂದ ಅಂಚಿನತ್ತ ಹಗುರವಾಗಿ ಒರೆಸಿ; ಬಡ್‌ನ ಭಾರವೇ ಸಾಕು. ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ಲೆನ್ಸ್ ತೂಗುತ್ತಿರುತ್ತದೆ, ಒತ್ತಿದರೆ ಅವು ಬಾಗುತ್ತವೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ತಗುಲಿದರೆ ಪ್ಲಾಸ್ಟಿಕ್ ಲೆನ್ಸ್ ಮಂಜಾಗುತ್ತದೆ, ಮತ್ತೆ ಸರಿಯಾಗದು. ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್‌ಗಳೂ ಬೇಡ. ತಿರುಗುವ ಬ್ರಷ್ ಲೆನ್ಸ್‌ಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು.

ಒರೆಸಿದ ಮೇಲೂ ಓದದೆ, ಡಿಸ್ಕ್ ನಿಧಾನವಾಗಿ ತಿರುಗಿ ನಿಲ್ಲುತ್ತಿದ್ದರೆ ಮೋಟರ್ ಮೇಲೆ ಅನುಮಾನಪಡಿ. ಕರೆಂಟ್ ತೆಗೆದು ಡಿಸ್ಕ್ ಕೂರುವ ಹಬ್ ಅನ್ನು ಕೈಯಲ್ಲಿ ಜೋರಾಗಿ ಹತ್ತಾರು ಸಲ ತಿರುಗಿಸಿ. ಆಮೇಲೆ ಸ್ವಲ್ಪ ಹೊತ್ತು ಓದಿದರೆ ಮೋಟರ್ ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್, ಕಮ್ಯುಟೇಟರ್ ಸವೆದಿರುವ ಸಾಧ್ಯತೆ ಹೆಚ್ಚು. ಮೋಟರ್ ಬದಲಿಸುವಾಗ ಹಬ್ ಕೀಳುವ ಮುಂಚೆಯೇ ಅದರ ಎತ್ತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ, ತಪ್ಪಿದರೆ ಫೋಕಸ್ ಸಿಗುವುದಿಲ್ಲ. ಡಿಸ್ಕ್ ವೇಗ ಹಿಡಿಯುವಾಗ ಪವರ್ ಸಪ್ಲೈನ 5 ವೋಲ್ಟ್ ಲೈನ್ 4.75 ವೋಲ್ಟ್‌ಗಿಂತ ಕೆಳಗಿಳಿದರೆ ತಪ್ಪು ಸಪ್ಲೈನಲ್ಲಿರಬಹುದು, ಅಲ್ಲಿ ಊದಿದ ಕೆಪಾಸಿಟರ್ ಹುಡುಕಿ.

ಕೊನೆಗೂ ಹೆಡ್ಡೇ ಬದಲಿಸಬೇಕಾದರೆ ಹಳೆಯದರ ಮೇಲಿನ ನಂಬರ್ ಪೂರ್ತಿ ಹೊಂದಬೇಕು. ನೋಡಲು ಒಂದೇ ಥರ ಇದ್ದರೆ ಸಾಲದು. ಸ್ಟ್ಯಾಟಿಕ್‌ನಿಂದ (ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತಿನಿಂದ) ಕಾಪಾಡಲು ಹೊಸ ಹೆಡ್‌ನಲ್ಲಿ ಎರಡು ಬಿಂದುಗಳನ್ನು ಬೆಸುಗೆ ಹಾಕಿ ಶಾರ್ಟ್ ಮಾಡಿರುತ್ತಾರೆ. ರಿಬ್ಬನ್ ಕೇಬಲ್ ಸಿಕ್ಕಿಸಿದ ನಂತರವೇ, ಪವರ್ ಕೊಡುವ ಮೊದಲು, ಆ ಬೆಸುಗೆ ತೆಗೆಯಿರಿ. ಇದನ್ನು ಮರೆತರೆ ಲೇಸರ್ ಹೊತ್ತುವುದೇ ಇಲ್ಲ. ಆಗ ಹೊಸ ಹೆಡ್ಡೂ ಕೆಟ್ಟಿದೆ ಎಂದುಕೊಂಡು, ಕಾರ್ಖಾನೆಯಲ್ಲಿ ಸರಿಯಾಗಿ ಹೊಂದಿಸಿ ಕಳಿಸಿದ ಪ್ರಿಸೆಟ್ ಅನ್ನೂ ತಿರುಗಿಸಿ ಕೆಡಿಸುತ್ತಾರೆ.