ಪೇಜ್ ಬೆಳೆಸಿಕೊಡ್ತೀವಿ ಅನ್ನೋರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಎರಡು ವಾರದಿಂದ ಅರ್ಧ ಟೈಪ್ ಮಾಡೋದು, ಅಳಿಸೋದು, ಇದೇ ಆಗಿದೆ. "ಇಷ್ಟೂ ಗೊತ್ತಾಗಲಿಲ್ವಾ ನಿಂಗೆ?" ಅಂತ ಕೇಳೋರು ಕೇಳಲಿ. ಗೊತ್ತಾಗಲಿಲ್ಲ. ಅದಕ್ಕೇ ಬರೀತಿದೀನಿ.

ನಾನು ಮನೆಯಲ್ಲೇ ಬಟ್ಟೆ ಚೀಲ ಹೊಲಿದು ಮಾರ್ತೀನಿ. ಇರೋದು ಒಂದೇ ಹೊಲಿಗೆ ಯಂತ್ರ. ಇನ್‌ಸ್ಟಾಗ್ರಾಮ್‌ನಲ್ಲಿ 412 ಫಾಲೋವರ್ಸ್ ಇದ್ರು. ಹೊಸ ಚೀಲದ ಫೋಟೋ ಹಾಕಿದ್ರೆ "ಒಳಗಡೆ ಜೇಬು ಇದೆಯಾ?", "ಜಿಪ್ ಗಟ್ಟಿ ಇದೆಯಾ, ಹೋದ್ಸಲದ್ದು ಕಿತ್ತು ಬಂತು" ಅಂತೆಲ್ಲಾ ಕೇಳ್ತಿದ್ರು. ಬೈತಿದ್ರು ಕೂಡ. ಬೈದೋರೇ ಮತ್ತೆ ಬಂದು ಇನ್ನೊಂದು ತಗೋತಿದ್ರು. ಆದ್ರೆ ನನ್ನ ಕಣ್ಣು ಅದರ ಮೇಲೆ ಇರಲಿಲ್ಲ. ಹೆಸರಿನ ಪಕ್ಕದಲ್ಲಿರೋ ಆ 412ರ ಮೇಲಿತ್ತು. ತಿಂಗಳಾದ್ರೂ 420 ಆಗ್ತಿಲ್ವಲ್ಲಾ ಅನ್ನೋ ಕೊರಗು.

ಅಂಥಾ ಹೊತ್ತಲ್ಲೇ ಪೇಜ್ ಬೆಳೆಸಿಕೊಡೋ ಏಜೆನ್ಸಿಯೊಂದರಿಂದ ಮೆಸೇಜ್ ಬಂತು. "ಮೇಡಂ, ನಿಮ್ಮ ಪ್ರಾಡಕ್ಟ್ ಸೂಪರ್. ಆದ್ರೆ ರೀಚ್ ಇಲ್ಲ. 412 ನೋಡಿದ್ರೆ ಹೊಸ ಕಸ್ಟಮರ್ ನಂಬಲ್ಲ ಮೇಡಂ." ಮೊದಲು ಹೊಗಳಿಕೆ, ಹಿಂದೆನೇ ಹೆದರಿಕೆ. ತಿಂಗಳಿಗೆ 12 ಪೋಸ್ಟ್, 4 ರೀಲ್ಸ್, ಜಾಹೀರಾತಿನ ಖರ್ಚೂ ಅದರಲ್ಲೇ ಸೇರಿ, ಮೂರು ತಿಂಗಳಲ್ಲಿ 10,000 ಫಾಲೋವರ್ಸ್ ಗ್ಯಾರಂಟಿ. ಪೂರ್ತಿ ಹಣ ಮುಂಗಡ. ನಾನು ಚೌಕಾಸಿ ಮಾಡಿದೆ, ಅವರು ಸ್ವಲ್ಪ ಇಳಿಸಿದ್ರು, ನಾನು ಗೆದ್ದೆ ಅಂದ್ಕೊಂಡೆ. ಪಾಸ್‌ವರ್ಡ್ ಕೇಳಿದ್ರು, ವಾಟ್ಸಾಪ್‌ನಲ್ಲೇ ಕಳಿಸಿದೆ. ಓಟಿಪಿ ಬಂತು, ಅದನ್ನೂ ಓದಿ ಹೇಳಿದೆ. ಬ್ಯಾಂಕಿನವರು ಅಂತ ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಬೈದು ಇಡೋ ಹೆಂಗಸು ನಾನು.

ಮೂರನೇ ವಾರಕ್ಕೆ 11,000 ದಾಟಿತ್ತು. ಬೆಳಿಗ್ಗೆ ಎದ್ದು ಮೊದಲು ನೋಡ್ತಿದ್ದದ್ದೇ ಅದು. ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದ್ದೆ, ನೋಡಿದೋರೆಲ್ಲ "ಕಂಗ್ರಾಟ್ಸ್" ಅಂದಿದ್ರು. ಈಗ ಅದನ್ನ ನೆನೆಸಿಕೊಂಡ್ರೆ ಮುಖ ಬಿಸಿ ಆಗುತ್ತೆ.

ಆರ್ಡರ್? ಕೇಳಬೇಡಿ. ಮೊದಲು ವಾರಕ್ಕೆ ಐದಾರು ಬರ್ತಿತ್ತು, ಒಂದೆರಡಕ್ಕೆ ಇಳೀತು. ಕೇಳಿದ್ದಕ್ಕೆ, "ಮೇಡಂ, ಮೊದಲು ಬ್ರ್ಯಾಂಡ್ ಬಿಲ್ಡ್ ಆಗ್ಬೇಕು." ಅವರು ಹಾಕ್ತಿದ್ದ ಪೋಸ್ಟ್‌ಗಳೋ, ಗುಡ್ ಮಾರ್ನಿಂಗ್, ಹ್ಯಾಪಿ ವೀಕೆಂಡ್. ಒಂದು ದಿನ ಎಲ್ಲಿಂದಲೋ ಎತ್ತಿದ ಚರ್ಮದ ಬ್ಯಾಗಿನ ಫೋಟೋ ಹಾಕಿದ್ರು. ನಾನು ಜನ್ಮದಲ್ಲಿ ಚರ್ಮ ಹೊಲಿದವಳಲ್ಲ. ಹಳೇ ಗಿರಾಕಿ ಒಬ್ಬರು ಅದೇ ಬೇಕು ಅಂತ ಕೇಳಿದ್ರು, ಏನು ಹೇಳೋದು ತಿಳೀದೆ "ಸ್ಟಾಕ್ ಇಲ್ಲ" ಅಂದೆ. ಸುಳ್ಳು ಹೇಳಿದ್ದು ನಾನೇ.

ಕಣ್ಣು ತೆರೆದದ್ದು ಯಂತ್ರ ಕೆಟ್ಟ ದಿನ. ಮೋಟಾರ್ ಸುಟ್ಟು ಹೋಯ್ತು. ಕಪ್ಪಾಗಿದ್ದ ಆ ಮೋಟಾರಿನ ಫೋಟೋನೇ ತೆಗೆದು ನಾನೇ ಪೋಸ್ಟ್ ಹಾಕಿದೆ: "ಯಂತ್ರ ಕೆಟ್ಟಿದೆ, ಹತ್ತು ದಿನ ಆರ್ಡರ್ ತಗೊಳ್ಳಲ್ಲ, ದಯವಿಟ್ಟು ಕ್ಷಮಿಸಿ." ಐದು ನಿಮಿಷ ಆಗಿಲ್ಲ, ಕೆಳಗೆ ಕಾಮೆಂಟ್ ಸಾಲು ಸಾಲು.

"ವಾವ್ ಬ್ಯೂಟಿಫುಲ್!"
"ಲವ್ಲಿ ಕಲೆಕ್ಷನ್ ಡಿಯರ್!"
"ನನಗೂ ಒಂದು ಬೇಕು!"

ಸುಟ್ಟ ಮೋಟಾರು ಒಂದು ಬೇಕಂತೆ! ಮೊದಲು ನಗು ಬಂತು. ಆಮೇಲೆ ಆ "ಡಿಯರ್" ಅಂದೋಳ ಪ್ರೊಫೈಲ್ ತೆಗೆದೆ. ಒಂದೂ ಪೋಸ್ಟ್ ಇಲ್ಲ, ಹೆಸರಿನ ಹಿಂದೆ ಏಳೆಂಟು ಅಂಕಿ, ಫಾಲೋ ಮಾಡ್ತಿರೋದು ಏಳು ಸಾವಿರ ಜನರನ್ನ. ಪಕ್ಕದವನದ್ದೂ ಹಾಗೇ. ಅದರ ಕೆಳಗಿನದ್ದೂ ಹಾಗೇ. ಆವತ್ತು ರಾತ್ರಿ ಒಂದೂವರೆ ತನಕ ಒಂದೊಂದೇ ಪ್ರೊಫೈಲ್ ತೆಗೆದು ನೋಡ್ತಾ ಕೂತಿದ್ದೆ. ನಿಜವಾದ ಮನುಷ್ಯ ಒಬ್ಬನಾದ್ರೂ ಸಿಗ್ತಾನಾ ಅಂತ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ.

ಬೆಳಿಗ್ಗೆ ಅಕ್ಕನ ಮಗಳಿಗೆ ಫೋನ್ ಮಾಡಿದೆ. "ಚಿಕ್ಕಮ್ಮಾ, ನೀವು ಇನ್‌ಸೈಟ್ಸ್ ತೆಗೆದು ನೋಡೇ ಇಲ್ವಾ?" ಅಂದ್ಳು. ಬಿಸಿನೆಸ್ ಅಕೌಂಟ್ ಆಗಿದ್ರೆ ಫಾಲೋವರ್ಸ್ ಯಾವ ಊರಿನೋರು, ಯಾವ ವಯಸ್ಸಿನೋರು, ಯಾವ ಹೊತ್ತಲ್ಲಿ ಆನ್‌ಲೈನ್ ಇರ್ತಾರೆ ಅಂತೆಲ್ಲಾ ಅಲ್ಲೇ ಕಾಣುತ್ತೆ. ತೆಗೆದು ನೋಡಿದ್ರೆ, ನಾನು ಪಾರ್ಸೆಲ್ ಕಳಿಸೋ ಒಂದು ಊರೂ ಮೊದಲ ಐದರಲ್ಲಿ ಇಲ್ಲ. ನನ್ನ ಚೀಲ ಕೊಳ್ಳೋರಲ್ಲಿ ಮುಕ್ಕಾಲು ಪಾಲು ಹೆಂಗಸರು. ಇಲ್ಲಿ ಮುಕ್ಕಾಲು ಪಾಲು ಗಂಡಸರು.

ಆಮೇಲೆ ಅವಳು ತೋರಿಸಿದ್ದು ಆಡ್ ಲೈಬ್ರರಿ. ಇದನ್ನ ಗಮನ ಇಟ್ಟು ಓದಿ, ನಂಗೆ ಗೊತ್ತಿದ್ದಿದ್ರೆ ಮೊದಲ ವಾರವೇ ಬಚಾವಾಗ್ತಿದ್ದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸೋ ಕಂಪನಿ ಮೆಟಾ. ಅದರ ಆಡ್ ಲೈಬ್ರರಿಯಲ್ಲಿ ಈ ಎರಡರಲ್ಲೂ ಸದ್ಯ ಓಡ್ತಿರೋ ಯಾವ ಪೇಜಿನ ಜಾಹೀರಾತನ್ನೂ ಯಾರು ಬೇಕಾದ್ರೂ ನೋಡಬಹುದು. 2019ರಿಂದ ಇದೆ. ದುಡ್ಡಿಲ್ಲ, ಲಾಗಿನ್ ಕೂಡ ಬೇಡ, ಪೇಜ್ ಹೆಸರು ಹಾಕಿದ್ರೆ ಸಾಕು. "ಆಡ್ಸ್ ಜೋರಾಗಿ ಓಡ್ತಿದೆ ಮೇಡಂ" ಅಂತ ಅವರು ಮೆಸೇಜ್ ಹಾಕಿದ ದಿನವೇ ನನ್ನ ಪೇಜ್ ಹೆಸರು ಹಾಕಿ ನೋಡಿದೆ. ಒಂದೂ ಇಲ್ಲ. ಮಾರನೇ ದಿನವೂ ಇಲ್ಲ. ನಾಲ್ಕು ದಿನ ನೋಡಿದೆ. ಸೊನ್ನೆ.

ಕೇಳಿದೆ. ಬಂದ ಉತ್ತರಗಳನ್ನ ಹಾಗೇ ಹಾಕ್ತೀನಿ.

"ಮೇಡಂ ಅದು ಡಾರ್ಕ್ ಆಡ್ಸ್, ಲೈಬ್ರರಿಯಲ್ಲಿ ಕಾಣಲ್ಲ." (ಸುಳ್ಳು. ಪೇಜಿನ ಗೋಡೆಯಲ್ಲಿ ಕಾಣದ ಜಾಹೀರಾತು ಕೂಡ ಲೈಬ್ರರಿಯಲ್ಲಿ ಕಾಣುತ್ತೆ, ಅದಿರೋದೇ ಅದಕ್ಕೆ.)

"ಹಾಗಾದ್ರೆ ಆಡ್ಸ್ ಮ್ಯಾನೇಜರ್ ಸ್ಕ್ರೀನ್ ತೋರಿಸಿ" ಅಂದೆ. (ಜಾಹೀರಾತು ಹಾಕೋದು, ಅದರ ಖರ್ಚು ನೋಡೋದು ಎಲ್ಲ ಅಲ್ಲೇ.) "ಅದು ನಮ್ಮ ಏಜೆನ್ಸಿ ಅಕೌಂಟ್ ಮೇಡಂ, ಬೇರೆ ಕ್ಲೈಂಟ್ಸ್ ಡೀಟೇಲ್ಸ್ ಇರುತ್ತೆ, ಪ್ರೈವಸಿ ಪಾಲಿಸಿ."

"ಫಾಲೋವರ್ಸ್ ಎಲ್ಲಾ ಬಾಟ್, ಮನುಷ್ಯರೇ ಇಲ್ಲದ ನಕಲಿ ಅಕೌಂಟ್ ಅಲ್ವಾ?" ಅಂದೆ. "ಅಲ್ಗಾರಿದಮ್ ಮೇಡಂ, ನಮ್ಮ ಕೈಯಲ್ಲಿಲ್ಲ." (ಯಾರಿಗೆ ಏನು ತೋರಿಸಬೇಕು ಅಂತ ಇನ್‌ಸ್ಟಾಗ್ರಾಮ್ ತಾನೇ ಹಾಕೋ ಲೆಕ್ಕಾಚಾರ.)

ದುಡ್ಡು ಇಸ್ಕೊಳ್ಳೋವಾಗ ಅಲ್ಗಾರಿದಮ್ ಅವರ ಜೇಬಲ್ಲಿತ್ತು. ಈಗ ಅವರ ಕೈಯಲ್ಲಿಲ್ಲ.

ಕೊನೇದು, ಇದನ್ನ ಓದಿ ಫೋನ್ ಎಸೆಯೋಣ ಅನ್ನಿಸಿತ್ತು: "ಮೇಡಂ, ನೀವು ತಗೊಂಡಿರೋದು ಅವೇರ್ನೆಸ್ ಪ್ಯಾಕೇಜ್. ಸೇಲ್ಸ್ ಪ್ಯಾಕೇಜ್ ಬೇರೆ. ಅಪ್‌ಗ್ರೇಡ್ ಮಾಡಲಾ?"

ಮೆಟಾದ ಆಡ್ಸ್ ಮ್ಯಾನೇಜರ್‌ನಲ್ಲಿ ಜಾಹೀರಾತಿನ ಉದ್ದೇಶ ಅಂತ 6 ಆಯ್ಕೆ ಇರೋದು ನಿಜ: ಅವೇರ್ನೆಸ್ (ಹೆಸರು ಜನರಿಗೆ ಪರಿಚಯ ಮಾಡಿಸೋದು), ಟ್ರಾಫಿಕ್, ಎಂಗೇಜ್‌ಮೆಂಟ್, ಲೀಡ್ಸ್, ಆಪ್ ಪ್ರಮೋಷನ್, ಸೇಲ್ಸ್. ಯಾವುದನ್ನ ಆರಿಸ್ತೀವೋ ಅದಕ್ಕೆ ತಕ್ಕ ಜನರಿಗೆ ಅದು ತೋರಿಸುತ್ತೆ. ಆ ಮಾತನ್ನ ಎತ್ತಿಕೊಂಡು ನನ್ನ ಮುಖಕ್ಕೇ ಒರೆಸಿದ್ರು. ಜಾಹೀರಾತೇ ಓಡಿಸದೇ ಇದ್ದೋರಿಗೆ ಯಾವ ಅವೇರ್ನೆಸ್, ಯಾವ ಸೇಲ್ಸ್?

ಇಂಥಾ ನಕಲಿ ಲೈಕು ಫಾಲೋವರ್ಸ್ ತೆಗೆದುಹಾಕ್ತೀವಿ ಅಂತ ಇನ್‌ಸ್ಟಾಗ್ರಾಮ್ 2018ರ ನವೆಂಬರ್‌ನಲ್ಲೇ ಪ್ರಕಟಣೆ ಕೊಟ್ಟಿತ್ತು. ಅಂದ್ರೆ ಇವರು ಮಾರಿದ ಸರಕು ಯಾವತ್ತು ಬೇಕಾದ್ರೂ ಮಾಯ ಆಗೋದೇ. ಅಮೆರಿಕದಲ್ಲಂತೂ 2024ರಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ನಿಯಮವನ್ನೇ ತಂದಿದೆ. ವ್ಯಾಪಾರಕ್ಕೋಸ್ಕರ ನಕಲಿ ಫಾಲೋವರ್ಸ್ ಮಾರಿದವನಷ್ಟೇ ಅಲ್ಲ, ನಕಲಿ ಅಂತ ಗೊತ್ತಿದ್ದೂ ಕೊಂಡವನೂ ತಪ್ಪಿತಸ್ಥ. ಅದನ್ನ ಓದಿ ಇನ್ನೂ ಕುಗ್ಗಿ ಹೋದೆ. ನಂಗೆ ಗೊತ್ತಿರಲಿಲ್ಲ, ನಿಜ. ಆದ್ರೆ ಮೂರು ವಾರದಲ್ಲಿ 11,000 ಜನ ಎಲ್ಲಿಂದ ಬಂದ್ರು ಅಂತ ಒಂದ್ಸಲನಾದ್ರೂ ಯೋಚಿಸಿದ್ನಾ?

ದುಡ್ಡಿಗಿಂತ ಹೊಟ್ಟೆ ಉರಿಯೋದು ಹಳೇ ಗಿರಾಕಿಗಳ ವಿಷಯಕ್ಕೆ. ಪೋಸ್ಟ್ ಹಾಕಿದ ತಕ್ಷಣ ಅದು ಎಲ್ಲರಿಗೂ ಹೋಗಲ್ಲ. ನೋಡಿದೋರು ನಿಂತು ನೋಡಿದ್ರಾ, ಸೇವ್ ಮಾಡಿದ್ರಾ, ಯಾರಿಗಾದ್ರೂ ಕಳಿಸಿದ್ರಾ ಅನ್ನೋದರ ಮೇಲೆ ಮುಂದಕ್ಕೆ ಹೋಗುತ್ತೆ. ಸತ್ತ ಅಕೌಂಟ್ ಯಾವ ಚೀಲವನ್ನ ಯಾರಿಗೆ ಕಳಿಸುತ್ತೆ? "ನೀವು ಪೋಸ್ಟ್ ಹಾಕೋದೇ ನಿಲ್ಲಿಸಿಬಿಟ್ರಾ?" ಅಂತ, ಜಿಪ್ ಬಗ್ಗೆ ಬೈದಿದ್ರಲ್ಲ, ಅವರೇ ಕೇಳಿದ್ರು. ದಿನ ಬಿಟ್ಟು ದಿನ ಹಾಕ್ತಿದ್ದೆ. ಅವರಿಗೆ ಕಾಣ್ತಾನೇ ಇರಲಿಲ್ಲ.

ಪೇಜ್ ವಾಪಸ್ ತಗೊಳ್ಳೋದು ಬೇರೆ ರಾಮಾಯಣ. ಫೇಸ್‌ಬುಕ್ ಪೇಜಿಗೆ ಅವರು ಪೂರ್ತಿ ಹಕ್ಕು ತಗೊಂಡು, ನನ್ನನ್ನ ಅರ್ಧಂಬರ್ಧ ಹಕ್ಕಿಗೆ ಇಳಿಸಿದ್ರು. ನನ್ನ ಪೇಜಿಗೆ ನಾನೇ ಬಾಡಿಗೆದಾರಳು. ಒಂಬತ್ತು ದಿನ ಫೋನ್ ಮಾಡಿ, ಕೂಗಾಡಿ, ಅತ್ತು ತಗೊಂಡೆ. ದುಡ್ಡು ಬರಲಿಲ್ಲ, "ನಾನ್ ರಿಫಂಡಬಲ್" ಅಂತ ಬಿಲ್ಲಿನ ಅಡಿಯಲ್ಲಿ ಇರುವೆ ಸಾಲಿನ ಹಾಗೆ ಬರೆದಿತ್ತು.

ನಾನೇನು ಬುದ್ಧಿ ಹೇಳೋ ಸ್ಥಿತಿಯಲ್ಲಿಲ್ಲ, ಆದ್ರೂ ಕೇಳಿ. ಪಾಸ್‌ವರ್ಡ್ ಕೊಡಬೇಡಿ, ಕೆಲಸ ಕೊಡಲೇಬೇಕು ಅಂದ್ರೆ ಪೇಜಿನ ಸೆಟ್ಟಿಂಗ್ಸ್‌ನಲ್ಲಿ ಬೇಕಾದಷ್ಟೇ ಅನುಮತಿ ಕೊಡೋಕೆ ಆಗುತ್ತೆ, ಬೇಡ ಅಂದಾಗ ತೆಗೀಬಹುದು. ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೂಡ ಕೇಳೋ ವ್ಯವಸ್ಥೆ) ಹಾಕಿಕೊಳ್ಳಿ. ಜಾಹೀರಾತಿನ ಅಕೌಂಟ್ ನಿಮ್ಮ ಹೆಸರಲ್ಲಿ, ನಿಮ್ಮ ಕಾರ್ಡಿನಲ್ಲಿ ಇರಲಿ, ಖರ್ಚಾದ ಪ್ರತಿ ಪೈಸೆ ನಿಮ್ಮ ಕಣ್ಣಿಗೆ ಕಾಣಲಿ. ಫಾಲೋವರ್ಸ್ ಗ್ಯಾರಂಟಿ ಅಂತ ಬಾಯಿಬಿಟ್ಟ ಕ್ಷಣ ಫೋನ್ ಇಟ್ಟುಬಿಡಿ. ನಯವಾಗಿ ಮಾತಾಡೋ ಅಗತ್ಯವೂ ಇಲ್ಲ.

ಹೋದ ವಾರ ಹೊಸ ನಂಬರಿಂದ ಮೆಸೇಜ್. "ಮೇಡಂ, ನಿಮ್ಮ ಪೇಜ್‌ನಲ್ಲಿ ಫೇಕ್ ಫಾಲೋವರ್ಸ್ ತುಂಬಾ ಇದ್ದಾರೆ. ಕ್ಲೀನ್ ಮಾಡಿಕೊಡೋ ಪ್ಯಾಕೇಜ್ ಇದೆ." ಅದೇ ಜನವೋ, ಅವರಿಂದ ಪಟ್ಟಿ ಕೊಂಡ ಬೇರೆಯವರೋ ಗೊತ್ತಿಲ್ಲ. ಬ್ಲಾಕ್ ಮಾಡಿದೆ.

ಯಂತ್ರಕ್ಕೆ ಹೊಸ ಮೋಟಾರ್ ಬಂತು. ಫಾಲೋವರ್ಸ್ ಇನ್ನೂ 9,000 ಚಿಲ್ಲರೆ ಇದ್ದಾರೆ. ರಾತ್ರಿ ಕೆಲಸ ಎಲ್ಲ ಮುಗಿದ ಮೇಲೆ ಕೂತು, ಬೆರಳು ನೋಯೋ ತನಕ ಒಂದಷ್ಟು ತೆಗೀತೀನಿ.